ಮನೆಯ ಮಾಡೆಲ್ ರೈಲು ಲೇಔಟ್‌ಗೆ ಮೇಜು: ಕಟ್ಟಿಗೆಯೋ ಕಬ್ಬಿಣವೋ? ಬಡಿಗೇರರು ಮಂಚ ಮಾಡಿಕೊಡ್ತೀನಿ ಅಂತಾರೆ

ಗಾಡಿ_ಬಿಡೋಣ (ಕಲಬುರಗಿ)

ಎಲ್ಲರಿಗೂ ಶರಣು. ಮನೆಯ ಮೇಲಿನ ಕೋಣೆ ಕೊನೆಗೂ ನನ್ನ ಪಾಲಿಗೆ ಬಂದಿದೆ. 11 ಅಡಿ ಉದ್ದ, 9 ಅಡಿ ಅಗಲ. ನೆಲ ಪರ್ಸಿ ಕಲ್ಲು. ಒಂದು ಕಿಟಕಿ, ಬಾಗಿಲು ಒಳಗಡೆ ತೆರೆಯುತ್ತದೆ. ಎಚ್‌ಓ ಸ್ಕೇಲ್, ಅಂದರೆ 1:87, ನಿಜ ರೈಲಿನ 87ನೇ ಒಂದು ಭಾಗ. ವಾಡಿ ಜಂಕ್ಷನ್ ನೆನಪಿಗೆ ಬರುವಂಥ ಒಂದು ಯಾರ್ಡ್, ಪಕ್ಕದಲ್ಲಿ ಸಿಮೆಂಟ್ ಕಾರ್ಖಾನೆಗೆ ಹೋಗುವ ಸೈಡಿಂಗ್, ಇಷ್ಟು ಮಾಡಬೇಕೆಂದಿದ್ದೇನೆ. ಗೋಡೆಗುಂಟ ಎಲ್ ಆಕಾರ: ಒಂದು ಕಡೆ 8 ಅಡಿ, ಇನ್ನೊಂದು ಕಡೆ 6 ಅಡಿ, ಅಗಲ ಎರಡೂವರೆ ಅಡಿ.

ತಲೆನೋವು ಮೇಜಿನದು. ನಮ್ಮ ಓಣಿಯ ಬಡಿಗೇರರು ಬಂದು ನೋಡಿ, "19 ಎಂಎಂ ಪ್ಲೈ ಪೂರ್ತಿ ಹಾಸಿ, ಸಾಗವಾನಿ ಕಾಲು ಕೊಡ್ತೀನಿ, ನಾಲ್ಕು ಮಂದಿ ಮಲಗಿದರೂ ಕಿರ್ ಅನ್ನಲ್ಲ" ಅಂದರು. ವೆಲ್ಡಿಂಗ್ ಅಂಗಡಿಯವರು ಎಲ್ಲ ಚೌಕ ಪೈಪ್‌ನಲ್ಲೇ ಮಾಡೋಣ ಅಂತಾರೆ. ವಿಡಿಯೋಗಳಲ್ಲಿ ಎಲ್ಲರೂ ಪೈನ್ ಪಟ್ಟಿ ಬಳಸುತ್ತಾರೆ. ಇಲ್ಲಿ ಸಾಮಿಲ್‌ನಲ್ಲಿ ಪೈನ್ ಕೇಳಿದರೆ ಪ್ಯಾಕಿಂಗ್ ಪೆಟ್ಟಿಗೆ ಒಡೆದ ಹಲಗೆ ತೋರಿಸಿದರು, ಅರ್ಧಕ್ಕರ್ಧ ಸೊಟ್ಟ.

ಯಾವುದು ಒಳ್ಳೆಯದು? ಎತ್ತರ ಎಷ್ಟಿಡಬೇಕು? ಮನೆಯವರ ಷರತ್ತು ಒಂದೇ, ಕೆಳಗೆ ಸಾಮಾನಿಡಲು ಜಾಗ ಬಿಡಬೇಕು.

ಕಡಕ್_ರೊಟ್ಟಿ (ಸೇಡಂ)

ನಾಲ್ಕು ಮಂದಿ ಮಲಗುವಂಥದ್ದೇ ಮಾಡಿಸಿ. ಲೇಔಟ್ ಅರ್ಧಕ್ಕೆ ನಿಂತರೆ ಮನೆಗೆ ಬಂದ ನೆಂಟರಿಗಾದರೂ ಆಗುತ್ತದೆ.

ಲೂಪ್_ಲೈನ್ (ಶಹಾಬಾದ್)

ಮೊದಲು ಟ್ರ್ಯಾಕ್ ಪ್ಲ್ಯಾನ್ ಹಾಕಿ. ಪಾಯಿಂಟ್ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ) ಎಲ್ಲಿ ಬರುತ್ತದೆ ಅಂತ ಗೊತ್ತಿಲ್ಲದೆ ಚೌಕಟ್ಟು ಮಾಡಿಸಿದರೆ ಅದನ್ನು ತಿರುಗಿಸುವ ಪಾಯಿಂಟ್ ಮೋಟರ್ ಸರಿಯಾಗಿ ಅಡ್ಡಪಟ್ಟಿಯ ಮೇಲೇ ಬಂದು ಕೂರುತ್ತದೆ. ಯಾವಾಗಲೂ ಹಾಗೇ ಆಗುವುದು.

ರಂದಾ_ಉಳಿ (ಹುಮನಾಬಾದ್)

ನಿಮ್ಮ ಬಡಿಗೇರರನ್ನು ಬೈಯಬೇಡಿ. ಅವರು ಭಾರದ ಲೆಕ್ಕದಲ್ಲಿ ಯೋಚಿಸುತ್ತಾರೆ, ಅವರ ಕಸುಬೇ ಅದು. ರೈಲು ಲೇಔಟ್‌ಗೆ ಭಾರ ದೊಡ್ಡ ಮಾತೇ ಅಲ್ಲ. ಹತ್ತು ಇಂಜಿನ್, ಮೂವತ್ತು ವ್ಯಾಗನ್, ಪ್ಲಾಸ್ಟರ್ ಗುಡ್ಡ ಎಲ್ಲ ಸೇರಿಸಿದರೂ ಒಬ್ಬ ಮನುಷ್ಯನ ತೂಕ ಆಗಲ್ಲ. ಬೇಕಾಗಿರುವುದು ತಿರುಚಿಕೊಳ್ಳದ, ಅಲ್ಲಾಡದ ಚೌಕಟ್ಟು. ಆಮೇಲೆ ಮನಸ್ಸು ಬದಲಾದರೆ ಬಿಚ್ಚಲೂ ಬರಬೇಕು.

19 ಎಂಎಂ ಪ್ಲೈನ 8x4 ಶೀಟ್ ಒಂದೇ 35 ಕಿಲೋ ದಾಟುತ್ತದೆ. 12 ಎಂಎಂ ಆದರೆ 22-23 ಕಿಲೋ. ಮೇಲಿನ ಹಾಸಿಗೆಗೆ 12 ಎಂಎಂ ಧಾರಾಳ ಸಾಕು, ಆದರೆ ಕೆಳಗೆ ಪ್ರತಿ 16 ಇಂಚಿಗೆ ಒಂದು ಅಡ್ಡಪಟ್ಟಿ ಇರಬೇಕು. ಗಟ್ಟಿತನ ಬರುವುದು ಪಟ್ಟಿಯ ಎತ್ತರದಿಂದ, ಹಲಗೆಯ ದಪ್ಪದಿಂದಲ್ಲ. 4 ಇಂಚು ಎತ್ತರದ ಪಟ್ಟಿ ಲಂಬವಾಗಿ ನಿಂತಿದ್ದರೆ 8 ಅಡಿಗೂ ಬಾಗಲ್ಲ. ಅದನ್ನೇ ಮಲಗಿಸಿ ನೋಡಿ, ಕೈಯಲ್ಲೇ ಬಾಗುತ್ತದೆ.

ಪೈನ್ ಬೇಡ. 18 ಎಂಎಂ ಪ್ಲೈ ಒಂದು ಶೀಟ್ ತಗೊಂಡು ಅಂಗಡಿಯಲ್ಲೇ 4 ಇಂಚಿನ ಪಟ್ಟಿಗಳಾಗಿ ಸೀಳಿಸಿ. ಗರಗಸ ತಿನ್ನುವುದು ಕಳೆದು 11 ಪೂರ್ತಿ ಪಟ್ಟಿ ಬರುತ್ತವೆ, ಒಂದೊಂದು 8 ಅಡಿ. ಗಂಟಿಲ್ಲ, ಸೊಟ್ಟ ಇಲ್ಲ. ನಿಮ್ಮ ಎಲ್ ಆಕಾರದ ಎರಡೂ ಚೌಕಟ್ಟಿಗೆ ಒಂದೇ ಶೀಟ್ ಸಾಕಾಗಿ ಇನ್ನೂ ಸ್ವಲ್ಪ ಉಳಿಯುತ್ತದೆ. ಮೂಲೆಗಳಿಗೆ ಒಳಗಡೆ ಒಂದೂವರೆ ಇಂಚಿನ ಮರದ ತುಂಡು ಕೊಟ್ಟು ಫೆವಿಕಾಲ್ ಹಚ್ಚಿ ಸ್ಕ್ರೂ ಹೊಡೆಯಿರಿ. ಪ್ಲೈನ ಅಂಚಿಗೆ ನೇರವಾಗಿ ಸ್ಕ್ರೂ ಹೊಡೆದರೆ ಪದರ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ಆ ತುಂಡು. ಚೌಕಟ್ಟು ಮುಗಿದ ಮೇಲೆ ಎರಡೂ ಕರ್ಣ ಅಳೆಯಿರಿ. ಒಂದು ಸೂತ್‌ಗಿಂತ (ಇಂಚಿನ ಎಂಟನೇ ಒಂದು ಭಾಗ) ಜಾಸ್ತಿ ವ್ಯತ್ಯಾಸ ಇರಬಾರದು. ಗುಣ್ಯಾ (ಮೂಲೆಮಟ್ಟ) ಮೂಲೆಯನ್ನಷ್ಟೇ ಹೇಳುತ್ತದೆ, ಇಡೀ ಚೌಕಟ್ಟಿನ ಸುದ್ದಿ ಹೇಳುವುದು ಕರ್ಣ.

ಪಟ್ಟಿಗಳನ್ನು ಜೋಡಿಸುವ ಮೊದಲೇ ಪ್ರತಿ ಅಡ್ಡಪಟ್ಟಿಯ ನಡುಮಧ್ಯ ಒಂದಿಂಚಿನ ತೂತು ಕೊರೆಸಿ, ವೈರ್ ಹಾಯಿಸಲು. ಜೋಡಿಸಿದ ಮೇಲೆ ಡ್ರಿಲ್ ಒಳಗೆ ಹೋಗಲ್ಲ.

ವೆಲ್ಡಿಂಗ್_ಭಾಯಿ (ಕಲಬುರಗಿ)

> ಪೈನ್ ಬೇಡ. 18 ಎಂಎಂ ಪ್ಲೈ

ಪ್ಲೈ ಬೇಡ, ಕಬ್ಬಿಣ ಅಂತ ಹೇಳಿ ಮುಗಿಸಿ. ನಮ್ಮ ಕಡೆ ಗೆದ್ದಲಿಗೆ ಏನು ಕಡಿಮೆಯೇ? ಒಂದಿಂಚು ಚೌಕ ಪೈಪ್, 16 ಗೇಜ್. 20 ಅಡಿ ಉದ್ದದ ಒಂದು ಪೈಪ್ ಸುಮಾರು 7 ಕಿಲೋ ಬರುತ್ತದೆ. ಕಟ್ ಮಾಡಿ ವೆಲ್ಡ್ ಮಾಡಿ ರೆಡ್ ಆಕ್ಸೈಡ್ ಹೊಡೆದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಬಿಸಿಲಿಗೆ ಬಾಗಲ್ಲ, ಮಳೆಗೆ ಉಬ್ಬಲ್ಲ.

ರಂದಾ_ಉಳಿ (ಹುಮನಾಬಾದ್)

ಭಾಯಿ, ವೆಲ್ಡಿಂಗ್ ಕಾವಿಗೆ 8 ಅಡಿ ಚೌಕಟ್ಟು ಎಳೆದುಕೊಂಡು ತಿರುಚುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಗೇಟ್‌ಗೆ ಅದು ನಡೆಯುತ್ತದೆ, ಹಳಿಗೆ ನಡೆಯಲ್ಲ. ಮತ್ತೆ, ಪಾಯಿಂಟ್ ಮೋಟರ್ ಅಡ್ಡ ಬಂದರೆ ಕಟ್ಟಿಗೆಯಾದರೆ ಸ್ಕ್ರೂ ಬಿಚ್ಚಿ ಪಟ್ಟಿಯನ್ನು ಎರಡು ಇಂಚು ಸರಿಸುತ್ತೇನೆ. ನೀವು ಏನು ಮಾಡುತ್ತೀರಿ, ಗ್ರೈಂಡರ್ ಹಿಡಿದು ಲೇಔಟ್ ಕೆಳಗೆ ನುಗ್ಗುತ್ತೀರಾ?

ವೆಲ್ಡಿಂಗ್_ಭಾಯಿ (ಕಲಬುರಗಿ)

ಎಳೆಯುವುದು ಅವಸರದವರ ಕೆಲಸ. ನಾಲ್ಕೂ ಮೂಲೆಗೆ ಮೊದಲು ಬರೀ ಟ್ಯಾಕ್, ಅಂದರೆ ಚುಕ್ಕೆ ವೆಲ್ಡ್, ಹೊಡೆಯಬೇಕು. ಕರ್ಣ ಅಳೆದು ಸರಿ ಮಾಡಿಕೊಂಡು, ಆಮೇಲೆ ಎದುರುಬದುರು ಮೂಲೆ ಹಿಡಿದು ಸ್ವಲ್ಪ ಸ್ವಲ್ಪವೇ ಪೂರ್ತಿ ವೆಲ್ಡ್ ಮಾಡಬೇಕು. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಬಾಗದೆ ಇನ್ನೇನಾಗುತ್ತದೆ?

ಮೋಟರ್ ವಿಷಯ ಒಪ್ಪುತ್ತೇನೆ. ಅದು ಖರೆ.

ಲೂಪ್_ಲೈನ್ (ಶಹಾಬಾದ್)

ಇಬ್ಬರೂ ಜಗಳ ಬಿಡಿ. ಕಾಲು ಕಬ್ಬಿಣ, ಮೇಲಿನ ಚೌಕಟ್ಟು ಪ್ಲೈ. ಗೆದ್ದಲು ಹತ್ತುವುದು ನೆಲದಿಂದ, ಕಾಲು ಕಬ್ಬಿಣದ್ದಾದರೆ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಗೋಡೆಯಿಂದಲೂ ಎರಡು ಇಂಚು ದೂರ ಇಡಿ, ಅಲ್ಲಿಂದ ಸೇತುವೆ ಕಟ್ಟದಂತೆ.

ಪ್ಲೈ ತಗೊಳ್ಳುವಾಗ ಮುದ್ರೆ ನೋಡಿ. ಐಎಸ್ 303 ಅಂತಿದ್ದರೆ ಅದರಲ್ಲೇ ಎಂಆರ್ (ತೇವ ತಡೆಯುವುದು), ಬಿಡಬ್ಲ್ಯೂಆರ್ (ಕುದಿನೀರನ್ನೂ ತಡೆಯುವುದು) ಎಂದು ಎರಡು ದರ್ಜೆ. ಐಎಸ್ 710 ಅಂದರೆ ಮರೈನ್. ಒಣ ಕೋಣೆಗೆ ಮರೈನ್ ಅನಗತ್ಯ ಖರ್ಚು, ಬಿಡಬ್ಲ್ಯೂಆರ್ ಸಾಕು. ಮುದ್ರೆಯೇ ಇಲ್ಲದ ಅಗ್ಗದ ಪ್ಲೈ ಮಾತ್ರ ಮುಟ್ಟಬೇಡಿ, ಒಳಗೆ ಟೊಳ್ಳು ಇರುತ್ತದೆ.

ಇನ್ನೊಂದು ದಾರಿಯೂ ಇದೆ, ಎಲ್-ಗರ್ಡರ್. ಅಮೆರಿಕದ ಮಾಡೆಲ್ ರೈಲು ಪತ್ರಿಕೆಯೊಂದರ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ 1960ರ ದಶಕದಲ್ಲಿ ಜನಪ್ರಿಯ ಮಾಡಿದ ಪದ್ಧತಿ. 4 ಇಂಚಿನ ಪಟ್ಟಿಯನ್ನು ನಿಲ್ಲಿಸಿ ಅದರ ನೆತ್ತಿಗೆ 2 ಇಂಚಿನ ಪಟ್ಟಿಯನ್ನು ಮಲಗಿಸಿ ಅಂಟಿಸಿದರೆ ತಲೆಕೆಳಗಾದ ಎಲ್ ಅಕ್ಷರದ ತೊಲೆ ಆಗುತ್ತದೆ. ಅಂಥ ಎರಡು ತೊಲೆ, ಅವುಗಳ ಮೇಲೆ ಅಡ್ಡಪಟ್ಟಿಗಳು. ಅಡ್ಡಪಟ್ಟಿಗೆ ಅಂಟು ಹಾಕಲ್ಲ, ಎಲ್ಲ ಸ್ಕ್ರೂ ಕೆಳಗಿನಿಂದ. ಹಾಗಾಗಿ ಮೇಲೆ ಗುಡ್ಡ, ಊರು ಎಲ್ಲ ಆದ ಮೇಲೂ ಕೆಳಗೆ ಕೂತು ಪಟ್ಟಿ ಸರಿಸಬಹುದು. ಕಾಲುಗಳು ತುದಿಗೆ ಬೇಡ. ತೊಲೆಯ ಉದ್ದದ ಐದನೇ ಒಂದು ಭಾಗ ಒಳಗೆ ತಂದು ನಿಲ್ಲಿಸಿದರೆ ನಡುವೆ ಬಾಗುವುದು ಕಡಿಮೆ, ಕಾಲಿಗೆ ಎಡವುವುದೂ ಕಡಿಮೆ.

ರಂದಾ_ಉಳಿ (ಹುಮನಾಬಾದ್)

ಎಲ್-ಗರ್ಡರ್ ಒಳ್ಳೆಯದೇ, ಆದರೆ ಎರಡೂವರೆ ಅಡಿ ಅಗಲಕ್ಕೆ ಅಷ್ಟು ಸಂಭ್ರಮ ಯಾಕೆ? ಅದು ಅಂಚು ಡೊಂಕಾಗಿರುವ, ಕೋಣೆ ತುಂಬ ಹರಡಿದ ದೊಡ್ಡ ಲೇಔಟ್‌ಗೆ. ಜೊತೆಗೆ ತೊಲೆ, ಪಟ್ಟಿ ಎರಡೂ ಒಂದರ ಮೇಲೊಂದು ಬಂದು ಎತ್ತರ ತಿನ್ನುತ್ತದೆ. ಮನೆಯವರ ಸಾಮಾನಿನ ಜಾಗಕ್ಕೇ ಕತ್ತರಿ.

ಸಿಗ್ನಲ್_ಕಾಕಾ (ವಾಡಿ)

ತಮ್ಮಾ, ಎಲ್ಲರೂ ಮೇಲಿನದನ್ನೇ ಮಾತಾಡುತ್ತಿದ್ದಾರೆ. ನೀನು ಮೊದಲು ನೆಲ ನೋಡು. ಪರ್ಸಿ ಹಾಸುವಾಗ ನೀರು ಹರಿಯಲಿ ಅಂತ ಬಾಗಿಲ ಕಡೆಗೋ ಮೋರಿ ಕಡೆಗೋ ಓಟ ಕೊಟ್ಟಿರುತ್ತಾರೆ. 8 ಅಡಿಗೆ ಅರ್ಧ ಇಂಚು ಓಟ ಇದೆ ಅಂತ ಇಟ್ಟುಕೋ. ಅಂದರೆ 192ಕ್ಕೆ 1. ನಮ್ಮ ರೈಲ್ವೆಯಲ್ಲಿ ನಿಲ್ದಾಣದ ಯಾರ್ಡ್‌ಗೆ 400ಕ್ಕೆ 1ಕ್ಕಿಂತ ಕಡಿದಾದ ಇಳಿಜಾರು ಕೊಡಲ್ಲ, 1000ಕ್ಕೆ 1 ಇದ್ದರೆ ಇನ್ನೂ ಒಳ್ಳೆಯದು ಅಂತಾರೆ. ಯಾಕಂದರೆ ನಿಂತ ವ್ಯಾಗನ್ ತಾನಾಗಿ ಉರುಳಬಾರದು. ನಿನ್ನ ಮೇಜು ನೆಲದ ಓಟವನ್ನೇ ಹಿಡಿದುಕೊಂಡರೆ ಅದರ ಎರಡು ಪಟ್ಟು ಕಡಿದು. ಚೆನ್ನಾಗಿ ಉರುಳುವ ಲೋಹದ ಚಕ್ರದ ವ್ಯಾಗನ್ನಿಗೆ ಅಷ್ಟೇ ಸಾಕಾಗಬಹುದು. ಬಿಟ್ಟ ಕಡೆ ನಿಲ್ಲಲ್ಲ, ಮೆಲ್ಲಗೆ ಹೋಗಿ ಬಫರ್‌ಗೆ ಬಡಿಯುತ್ತದೆ.

ಅದಕ್ಕೆ ಪ್ರತಿ ಕಾಲಿನ ಬುಡಕ್ಕೆ 10 ಎಂಎಂ ಬೋಲ್ಟ್ ಹಾಕಿಸು. ಪೈಪ್‌ನ ತುದಿ ಮುಚ್ಚಿ ನಟ್ ವೆಲ್ಡ್ ಮಾಡಿಸಿದರೆ ಬೋಲ್ಟ್ ತಿರುಗಿಸಿ ಒಂದೊಂದು ಕಾಲನ್ನೂ ಏರಿಸಬಹುದು, ಇಳಿಸಬಹುದು. ಒಂದೂವರೆ ಇಂಚು ಆಟ ಇರಲಿ. ಕೆಳಗೊಂದು ಲಾಕ್ ನಟ್. ಪಟ್ಟಿಯ ಮೇಲೆ ರಸಮಟ್ಟ ಇಟ್ಟು ನೋಡುವುದರ ಜೊತೆಗೆ ಗೌಂಡಿಗಳ ನೀರಿನ ಪೈಪ್ ತಂದು ಎರಡೂ ತುದಿ ಹೊಂದಿಸು. 8 ಅಡಿ ಉದ್ದಕ್ಕೆ ಸಣ್ಣ ರಸಮಟ್ಟವನ್ನು ನಂಬಬೇಡ.

ಗಾಡಿ_ಬಿಡೋಣ (ಕಲಬುರಗಿ)

ಕಾಕಾ, ಈಗಲೇ ಗೋಲಿ ಇಟ್ಟು ನೋಡಿದೆ. ನೇರ ಬಾಗಿಲ ಕಡೆಗೆ ಓಡಿತು! ಬೋಲ್ಟ್ ಹಾಕಿಸುವುದು ಪಕ್ಕಾ.

ಎತ್ತರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಭೀಮಾತೀರದಾಕಿ (ಯಾದಗಿರಿ)

ಎತ್ತರಕ್ಕೆ ನಿಯಮ ಇಲ್ಲ. ನಿಮ್ಮ ಮೊಣಕೈಯಿಂದ ಎದೆಯವರೆಗೆ ಎಲ್ಲಾದರೂ ಇಡಿ. 42 ಇಂಚು ಇಟ್ಟರೆ ನಿಂತು ಓಡಿಸಬಹುದು, ಎತ್ತರದ ಸ್ಟೂಲ್ ಮೇಲೆ ಕೂತೂ ಓಡಿಸಬಹುದು, ಕೆಳಗೆ ಎರಡು ಪೆಟ್ಟಿಗೆ ಒಂದರ ಮೇಲೊಂದು ಹೋಗುತ್ತವೆ. ನಾನು ಮಗನಿಗಾಗಿ ಶುರು ಮಾಡಿದ್ದು, ಹಾಗಾಗಿ 36ಕ್ಕೆ ಇಟ್ಟಿದ್ದೇನೆ. ಈಗ ಅವನು ಆಸಕ್ತಿ ಬಿಟ್ಟು ಕ್ರಿಕೆಟ್ ಹಿಡಿದಿದ್ದಾನೆ, ಬಗ್ಗಿ ಬಗ್ಗಿ ಸೊಂಟ ನೋಯುವುದು ನನಗೆ.

ಎತ್ತರಕ್ಕಿಂತ ಮುಖ್ಯ ಕೈ ಎಟುಕು. 30 ಇಂಚಿನಾಚೆ ಹಳಿ ತಪ್ಪಿದರೆ ಎತ್ತಲು ಹೋಗಿ ಮುಂದಿನ ಸಿಗ್ನಲ್ ಮುರಿಯುತ್ತೀರಿ. ನಿಮ್ಮದು ಎರಡೂವರೆ ಅಡಿ ಅಗಲ, ಸರಿಯಾಗಿ ಗಡಿಯಲ್ಲಿದೆ. ಆದರೆ ಎಲ್‌ನ ಮೂಲೆ? ಒಳಮೂಲೆಯಿಂದ ಗೋಡೆ ಮೂಲೆಗೆ ಕರ್ಣ ಮೂರೂವರೆ ಅಡಿ. ಅಲ್ಲಿ ಪಾಯಿಂಟ್ ಇಡಬೇಡಿ. ಸಿಮೆಂಟ್ ಕಾರ್ಖಾನೆಯ ಗೋಪುರಗಳನ್ನು ಅಲ್ಲಿ ನಿಲ್ಲಿಸಿ.

ನೆಲದ ವಿಷಯದಲ್ಲಿ ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮದು ಕೆಳಮನೆ, ಬುಡದಲ್ಲಿ ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಕಿಟಕಿ ಕಡೆಯ ಪರ್ಸಿ ವರ್ಷಕ್ಕೆರಡು ಸಲ ಎದ್ದು ಕೂತು ಮಾಡುತ್ತದೆ. ಶ್ರಾವಣ ಬಂತೆಂದರೆ ಒಂದೇ ಜಾಗದಲ್ಲಿ ಹಳಿ ತಪ್ಪಲು ಶುರು. ಈಗ ಆ ಕಾಲಿನ ಬೋಲ್ಟ್ ಅರ್ಧ ಸುತ್ತು ಇಳಿಸುತ್ತೇನೆ, ಮುಗಿಯಿತು. ನಿಮ್ಮದು ಮೇಲಿನ ಕೋಣೆ, ಇಷ್ಟು ಕಾಟ ಇರಲಿಕ್ಕಿಲ್ಲ.

ಎನ್_ಸ್ಕೇಲ್_ಬೀದರ್ (ಬೀದರ್)

ಕಾಲೇ ಬೇಡ ಅಂದರೆ? ಗೋಡೆಗೆ ಬ್ರ್ಯಾಕೆಟ್ ಹೊಡೆದು ಅದರ ಮೇಲೆ ಕೂರಿಸಿದರೆ ನೆಲದ ಗೊಡವೆಯೇ ಇಲ್ಲ. ಗುಡಿಸಲು, ಒರೆಸಲು ಆರಾಮ.

ಲೂಪ್_ಲೈನ್ (ಶಹಾಬಾದ್)

ಗೋಡೆ ಯಾವುದು ಅನ್ನುವುದರ ಮೇಲಿದೆ. ಇಟ್ಟಿಗೆ-ಸಿಮೆಂಟ್ ಗೋಡೆಯಾದರೆ ಸರಿ. ನಮ್ಮ ಕಡೆಯ ಹಳೆಯ ಕಲ್ಲಿನ ಗೋಡೆಯಲ್ಲಿ ಕೆಲವು ಕಡೆ ಒಳಗೆ ಬರೀ ಮಣ್ಣು, ಚೂರುಗಲ್ಲು. ಪ್ಲಗ್ ಹಿಡಿಯಲ್ಲ, ಡ್ರಿಲ್ ಮಾಡಿದರೆ ಮುಷ್ಟಿ ಹಿಡಿಸುವಷ್ಟು ಗುಂಡಿ.

ಎನ್_ಸ್ಕೇಲ್_ಬೀದರ್ (ಬೀದರ್)

ನನ್ನದು ಹೊಸ ಮನೆ, ಅದಕ್ಕೇ ನಡೆದಿದೆ. ಇನ್ನೊಂದು ಸುಲಭದ ಉಪಾಯ ಹೇಳುತ್ತೇನೆ. ಫ್ಲಶ್ ಡೋರ್ ತಗೊಳ್ಳಿ. ಆರೂವರೆ ಅಡಿಗೆ ಎರಡೂವರೆ ಅಡಿ ಬಾಗಿಲು ಸಿದ್ಧ ಸಿಗುತ್ತದೆ, ಸಪಾಟಾಗಿರುತ್ತದೆ, ಬಾಗಲ್ಲ. ನನ್ನ ಎನ್ ಸ್ಕೇಲ್ (1:160) ಲೇಔಟ್ ಪೂರ್ತಿ ಒಂದು ಬಾಗಿಲ ಮೇಲಿದೆ. ಬಡಿಗೇರರೂ ಬೇಡ, ಭಾಯಿಯೂ ಬೇಡ.

ರಂದಾ_ಉಳಿ (ಹುಮನಾಬಾದ್)

1:160ಗೆ ಅದು ಚೆನ್ನಾಗಿದೆ. ಆದರೆ ಬಾಗಿಲ ಒಳಗೆ ಮರದ ತುಂಡುಗಳು ಗಟ್ಟಿಯಾಗಿ ತುಂಬಿರುತ್ತವೆ, ಎತ್ತಿ ನೋಡಿ ತೂಕ. ಹಳಿಗಿಂತ ಕೆಳಗೆ ಒಂದು ಹಳ್ಳ ತೋರಿಸಬೇಕು ಅಂದರೆ ಏನು ಮಾಡುತ್ತೀರಿ? ಭೀಮಾ ಸೇತುವೆ ಮಾಡಲು ಬಾಗಿಲಲ್ಲಿ ನದಿ ಕೊರೆಯಲು ಆಗುತ್ತದೆಯೇ? ಪಟ್ಟಿ ಚೌಕಟ್ಟಿನಲ್ಲಿ ಪ್ಲೈಯನ್ನು ಹಳಿ ಹೋಗುವ ದಾರಿಯಷ್ಟಕ್ಕೇ ಜಿಗ್‌ಸಾದಲ್ಲಿ ಕತ್ತರಿಸಿ, ಸಣ್ಣ ಗೂಟಗಳ ಮೇಲೆ ಬೇಕಾದಷ್ಟು ಎತ್ತರಿಸಬಹುದು. ಉಳಿದ ಕಡೆ ನೆಲ ಕೆಳಗೇ ಇರುತ್ತದೆ.

ಎನ್_ಸ್ಕೇಲ್_ಬೀದರ್ (ಬೀದರ್)

ನನ್ನದು ಬಯಲುಸೀಮೆ ಲೇಔಟ್. ನದಿಯೇ ಇಲ್ಲ. 😄

ಕಡಕ್_ರೊಟ್ಟಿ (ಸೇಡಂ)

ಬೀದರ್‌ನವರು ಲೇಔಟ್‌ನಲ್ಲಿ ಮರಗುತ್ತಿ ಸುರಂಗ ಇಡಲಿಲ್ಲ ಅಂದರೆ ಹೇಗೆ? ಅದನ್ನು ಕೊರೆಯುವಷ್ಟರಲ್ಲಿ ಒಂದು ತಲೆಮಾರು ಕಾಯಿತು. 2017ರ ಅಕ್ಟೋಬರ್‌ನಲ್ಲಿ ಬೀದರ್-ಕಲಬುರಗಿ ಗಾಡಿ ಬಿಟ್ಟಾಗ ನಮ್ಮ ಮಾವ ಬರೀ ಹೋಗಿ ಬರಲಿಕ್ಕೆಂದೇ ಟಿಕೆಟ್ ತಗೊಂಡಿದ್ದರು.

ಸಿಗ್ನಲ್_ಕಾಕಾ (ವಾಡಿ)

ಬೀದರ್‌ಗೆ ಅದಕ್ಕಿಂತ ಮೊದಲೇ ವಿಕಾರಾಬಾದ್ ಕಡೆಯಿಂದ ನಿಜಾಮರ ಕಾಲದ ಲೈನ್ ಇತ್ತಪ್ಪಾ. ಇನ್ನು ವಾಡಿಯ ಮುಂದೆ ಇವರೆಲ್ಲ ಮೊನ್ನೆಯವರು. ವಾಡಿಯಿಂದ ಸಿಕಂದರಾಬಾದ್‌ಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ ಮುಂಬೈ ಕಡೆಯ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಲೈನ್ ರಾಯಚೂರಿನಲ್ಲಿ ಮದ್ರಾಸ್ ಲೈನ್‌ಗೆ ಸೇರಿತ್ತು. ಜಂಕ್ಷನ್ ಅಂದರೆ ಹಾಗಿರಬೇಕು.

ಎನ್_ಸ್ಕೇಲ್_ಬೀದರ್ (ಬೀದರ್)

ಕಾಕಾ ಶುರು ಹಚ್ಚಿಕೊಂಡರು. ಹಾಗಾದರೆ ಇದಕ್ಕೆ ಉತ್ತರ ಹೇಳಿ: ಎಚ್‌ಓ ಹಳಿ 16.5 ಎಂಎಂ. ನಮ್ಮ ಬ್ರಾಡ್‌ಗೇಜ್ 1676 ಎಂಎಂ. 87ರಿಂದ ಭಾಗಿಸಿದರೆ 19.26 ಬರಬೇಕು. ಅಂದರೆ ನಿಮ್ಮೆಲ್ಲರ ವಾಡಿ, ಕಲಬುರಗಿ ಎಲ್ಲ ಮೂರು ಎಂಎಂ ಕಿರಿದು. ಅದು ಬ್ರಾಡ್‌ಗೇಜೇ ಅಲ್ಲ!

ಸಿಗ್ನಲ್_ಕಾಕಾ (ವಾಡಿ)

ಮೂರು ಅಡಿ ದೂರ ನಿಂತು ನೋಡು, ಯಾವ ಮಗನಿಗೂ ಗೊತ್ತಾಗಲ್ಲ. ನಿನ್ನ ಎನ್ ಸ್ಕೇಲ್ 9 ಎಂಎಂ ಹಳಿ ಏನು ಸರಿ ಇದೆಯಾ? ಅದೂ 160ರ ಲೆಕ್ಕಕ್ಕೆ ಕಿರಿದೇ.

ವೇದಿಕೆ ನಿರ್ವಾಹಕರು

ಗೇಜ್ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೋಗಿ ಕುಸ್ತಿ ಆಡಿ. ಇಲ್ಲಿ ಮೇಜಿನ ಮಾತು ಮುಂದುವರಿಯಲಿ. ಕಲಬುರಗಿ ರೈಲ್ವೆ ವಿಭಾಗ ಯಾವಾಗ ಆಗುತ್ತದೆ ಅಂತ ಕೇಳಿದ ಎರಡು ಉತ್ತರಗಳನ್ನೂ ಸರಿಸಿದ್ದೇನೆ.

ಕಡಕ್_ರೊಟ್ಟಿ (ಸೇಡಂ)

ವಿಭಾಗವನ್ನು ಇಲ್ಲೂ ಸರಿಸಿದರು ನೋಡಿ.

ಗಾಡಿ_ಬಿಡೋಣ (ಕಲಬುರಗಿ)

ಹ್ಹಹ್ಹ. ಮತ್ತೊಂದು ಅನುಮಾನ. ನಮ್ಮ ಊರಿನ ಬಿಸಿಲು ಗೊತ್ತೇ ಇದೆ. ಮೇಲಿನ ಕೋಣೆ, ನೇರ ಛಾವಣಿ ಕಾವು. ಏಪ್ರಿಲ್-ಮೇ ತಿಂಗಳಲ್ಲಿ ಕಬ್ಬಿಣ ಹಿಗ್ಗಿ ಹಳಿಯನ್ನು ಎಳೆಯುವುದಿಲ್ಲವೇ? ಒಬ್ಬರು ಅದಕ್ಕೇ ಕಬ್ಬಿಣ ಬೇಡವೇ ಬೇಡ, ಅಲ್ಯೂಮಿನಿಯಂ ಹಾಕಿ ಅಂದರು.

ಭೀಮಾತೀರದಾಕಿ (ಯಾದಗಿರಿ)

ಅವರು ತಲೆಕೆಳಗೆ ಹೇಳಿದ್ದಾರೆ. ಲೆಕ್ಕ ಹಾಕೋಣ. ಚಳಿಗಾಲದ ಬೆಳಿಗ್ಗೆಗೂ ಮೇ ಮಧ್ಯಾಹ್ನಕ್ಕೂ ಕೋಣೆಯೊಳಗೆ 30 ಡಿಗ್ರಿ ವ್ಯತ್ಯಾಸ ಅಂತ ಹಿಡಿಯಿರಿ. 8 ಅಡಿ ಅಂದರೆ 2.44 ಮೀಟರ್. ನಿಕಲ್ ಸಿಲ್ವರ್ ಹಳಿ ಅಷ್ಟಕ್ಕೆ ಸುಮಾರು 1.2 ಎಂಎಂ ಹಿಗ್ಗುತ್ತದೆ. ಕಬ್ಬಿಣ 0.9 ಎಂಎಂ ಹತ್ತಿರ. ಅಲ್ಯೂಮಿನಿಯಂ 1.7. ಹಳಿಗೂ ಕಬ್ಬಿಣಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು. ಅಲ್ಯೂಮಿನಿಯಂ ಎಲ್ಲಕ್ಕಿಂತ ಜಾಸ್ತಿ ಹಿಗ್ಗುವಂಥದ್ದು.

ಕಟ್ಟಿಗೆ ಕಾವಿಗೆ ಉದ್ದಕ್ಕೆ ಹಿಗ್ಗುವುದು ಇನ್ನೂ ಕಡಿಮೆ. ಅದಕ್ಕೆ ಶತ್ರು ತೇವ. ನಮ್ಮ ಕಡೆ ತೇವ ಮಳೆಗಾಲದಲ್ಲಿ ಮಾತ್ರ ಬರುವುದು ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಮನೆಮನೆಯಲ್ಲೂ ಕೂಲರ್ ಹಚ್ಚುತ್ತಾರಲ್ಲ? ಒಣಗಿ ಗರಿಗರಿಯಾದ ಕೋಣೆಗೆ ದಿನವಿಡೀ ಹಸಿ ಗಾಳಿ. ಕಟ್ಟಿಗೆ ಅಡ್ಡಡ್ಡ ಉಬ್ಬುತ್ತದೆ, ಕೂಲರ್ ನಿಲ್ಲಿಸಿದರೆ ಮತ್ತೆ ಒಣಗಿ ಕುಗ್ಗುತ್ತದೆ. ಗಟ್ಟಿ ಮರದ ಹಲಗೆ ಸೀಳುವುದು ಆಗಲೇ. ಪ್ಲೈನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಅಷ್ಟು ಆಡಲ್ಲ. ಅಂಚುಗಳಿಗೂ ತಳಕ್ಕೂ ಪೇಂಟ್ ಹೊಡೆದುಬಿಡಿ. ಬರೀ ಮೇಲ್ಮೈಗೆ ಹೊಡೆದರೆ ಪ್ರಯೋಜನ ಇಲ್ಲ, ತೇವ ಕೆಳಗಿನಿಂದ ಹೋಗುತ್ತದೆ.

ಹಳಿಗೆ ಪರಿಹಾರ: ಚಳಿಗಾಲದಲ್ಲಿ ಹಾಕುವುದಾದರೆ ಮೂರು ಅಡಿಗೊಂದರಂತೆ ಜೋಡಣೆಯಲ್ಲಿ ಅರ್ಧ ಎಂಎಂ ಸಂದು ಬಿಡಿ. ಮೇ ತಿಂಗಳಲ್ಲಿ ಹಾಕಿದರೆ ಕೂಡಿಸಿಯೇ ಹಾಕಬಹುದು. ಎಲ್ಲ ಜೋಡಣೆಯನ್ನೂ ಬೆಸುಗೆ ಹಾಕಿ ಕೂರಿಸಬೇಡಿ.

ವೆಲ್ಡಿಂಗ್_ಭಾಯಿ (ಕಲಬುರಗಿ)

ಅಕ್ಕಾ, ಈ ಲೆಕ್ಕವನ್ನು ಅಂಗಡಿಯಲ್ಲಿ ಗೋಡೆಗೆ ಅಂಟಿಸುತ್ತೇನೆ. ಬಂದವರೆಲ್ಲ ಕಬ್ಬಿಣ ಹಿಗ್ಗುತ್ತದೆ ಅಂತ ನನಗೇ ಪಾಠ ಮಾಡುತ್ತಾರೆ.

ಹೊಸಬ_ಯಾದಗಿರಿ (ಶಹಾಪುರ)

ನಾನು ಇನ್ನೂ ಶುರು ಮಾಡಿಲ್ಲ, ಓದುತ್ತಿದ್ದೇನೆ ಅಷ್ಟೇ. ಬಾಡಿಗೆ ಮನೆ, ವರ್ಗಾವಣೆ ನೌಕರಿ. ಅಂಗಡಿಗಳಲ್ಲಿ ರ‍್ಯಾಕ್ ಮಾಡುವ ತೂತಿನ ಆಂಗಲ್ ಇದೆಯಲ್ಲ, ಬೋಲ್ಟ್ ಹಾಕಿ ಜೋಡಿಸುವುದು, ಅದು ನಡೆಯುತ್ತದೆಯೇ?

ವೆಲ್ಡಿಂಗ್_ಭಾಯಿ (ಕಲಬುರಗಿ)

ನಡೆಯುತ್ತದೆ. ಹಳೆಯದೂ ಸಿಗುತ್ತದೆ, ಅಂಗಡಿ ಖಾಲಿ ಮಾಡುವವರ ಹತ್ತಿರ ಕೇಳಿ. ಮೂಲೆಗೆ ತ್ರಿಕೋನದ ಪ್ಲೇಟ್ ಹಾಕದಿದ್ದರೆ ಮಾತ್ರ ತೂಗಾಡುತ್ತದೆ. ಹಿಂದುಗಡೆ ಒಂದು ಅಡ್ಡಗಟ್ಟು ಕರ್ಣದಲ್ಲಿ ಹಾಕಿಬಿಡಿ, ಅಲ್ಲಾಟ ನಿಲ್ಲುತ್ತದೆ. ಅಂಚು ಹರಿತ, ವೈರ್ ಹಾಯಿಸುವ ಕಡೆ ರಬ್ಬರ್ ಬುಶ್ ಕೊಡಿ. ವೈರ್ ಸಿಪ್ಪೆ ಕಿತ್ತು ಎರಡು ಕಡೆ ಕಬ್ಬಿಣಕ್ಕೆ ತಾಗಿದರೆ ಶಾರ್ಟ್ ಎಲ್ಲಿ ಅಂತ ಹುಡುಕುತ್ತಾ ಕೂರಬೇಕು.

ರಂದಾ_ಉಳಿ (ಹುಮನಾಬಾದ್)

ವರ್ಗಾವಣೆ ಇದ್ದರೆ ಮೇಲಿನ ಚೌಕಟ್ಟು ತುಂಡು ತುಂಡಾಗಿ ಮಾಡಿ, 4 ಅಡಿಗೆ 2 ಅಡಿ. ಒಂದಕ್ಕೊಂದು ಬೋಲ್ಟ್, ಚಿಟ್ಟೆ ನಟ್. ಬೋಲ್ಟ್ ಬಿಗಿಯಲಿಕ್ಕೆ ಮಾತ್ರ, ಸಾಲು ಹೊಂದಿಸಲಿಕ್ಕೆ ಪಕ್ಕದಲ್ಲಿ ಎರಡು ಗುಂಡು ಗೂಟ ಬೇಕು. ಬೋಲ್ಟ್‌ನ ತೂತಿನಲ್ಲಿ ಆಟ ಇರುತ್ತದೆ, ಹಳಿಗೆ ಅಷ್ಟು ಆಟ ಸಾಕು ದಾರಿ ತಪ್ಪಲು. ಎರಡು ಚೌಕಟ್ಟನ್ನೂ ಒಟ್ಟಿಗೆ ಕ್ಲ್ಯಾಂಪ್ ಹಾಕಿ ಒಂದೇ ಸಲ ತೂತು ಕೊರೆಯಿರಿ.

ಗಾಡಿ ಬಿಡೋಣ ಅವರೇ, ಇದು ನಿಮಗೂ ಅನ್ವಯ. ನಿಮ್ಮ ಜೀನೆ (ಮೆಟ್ಟಿಲು) ಎಷ್ಟು ಅಗಲ? 8 ಅಡಿ ಚೌಕಟ್ಟು ತಿರುವಿನಲ್ಲಿ ಹೋಗುತ್ತದೆಯೇ?

ಗಾಡಿ_ಬಿಡೋಣ (ಕಲಬುರಗಿ)

ಇಲ್ಲ! ಈಗ ಟೇಪ್ ಹಿಡಿದು ನೋಡಿದೆ. ಫ್ರಿಜ್ ಮೇಲೆ ಹೋಗಲಿಲ್ಲ ಅಂತಲೇ ಅದು ಕೆಳಗಿದೆ, ಇದು ಹೇಗೆ ಹೋಗಬೇಕು. 4 ಅಡಿಯ ಎರಡು ತುಂಡು ಮಾಡಿಸುತ್ತೇನೆ. ಪ್ಲೈ ಶೀಟನ್ನೂ ಅಂಗಡಿಯಲ್ಲೇ ಕತ್ತರಿಸಿಕೊಂಡು ಬರಬೇಕು.

ಸದ್ದಿನ ಬಗ್ಗೆ ಹೇಳಿ. ಗೆಳೆಯನ ಲೇಔಟ್ ಬರೀ ಪ್ಲೈ ಮೇಲಿದೆ, ಇಂಜಿನ್ ಓಡಿದರೆ ಹಲಗೆ ಬಾರಿಸಿದ ಹಾಗೆ ಕೇಳುತ್ತದೆ.

ಲೂಪ್_ಲೈನ್ (ಶಹಾಬಾದ್)

ಹಳಿಯ ಕೆಳಗೆ ಮೆತ್ತಗಿನದ್ದು ಬೇಕು. ಹೊರದೇಶದವರು ಹೇಳುವ ಹೋಮಸೋಟ್ (ಕಾಗದದ ನಾರಿನಿಂದ ಒತ್ತಿದ ಹಲಗೆ) ಹುಡುಕುತ್ತಾ ಕೂರಬೇಡಿ. 5-6 ಎಂಎಂ ಕಾರ್ಕ್ ಶೀಟ್, ಇಲ್ಲವೇ ನೋಟಿಸ್ ಬೋರ್ಡ್‌ಗೆ ಹಾಕುವ ಸಾಫ್ಟ್ ಬೋರ್ಡ್. ಯೋಗದ ಚಾಪೆ ಕತ್ತರಿಸಿದವರೂ ಇದ್ದಾರೆ, ಕೆಲಸ ಆಗುತ್ತದೆ, ಆದರೆ ತೀರಾ ಮೆತ್ತಗಿದ್ದರೆ ಹಳಿ ಏಳುಬೀಳಾಗುತ್ತದೆ. ಅಂಟಿಸಲು ಬಿಳಿ ಫೆವಿಕಾಲ್ ಸಾಕು. ಹಳಿಗೆ ಮೊಳೆ ಹೊಡೆದು ಪ್ಲೈವರೆಗೂ ಇಳಿಸಿದರೆ ಸದ್ದು ಮೊಳೆಯ ಮೂಲಕವೇ ಕೆಳಗೆ ಇಳಿಯುತ್ತದೆ, ಕಾರ್ಕ್ ಹಾಕಿದ್ದು ವ್ಯರ್ಥ.

ಗುಡ್ಡಕ್ಕೆ ಥರ್ಮಾಕೋಲ್ ಬಳಸುವುದಾದರೆ ಹಳದಿ ರಬ್ಬರ್ ಅಂಟು ಹಚ್ಚಬೇಡಿ, ಸ್ಪ್ರೇ ಪೇಂಟ್ ಹೊಡೆಯಬೇಡಿ. ಕಣ್ಣೆದುರೇ ಕರಗಿ ಹೋಗುತ್ತದೆ.

ಸಿಗ್ನಲ್_ಕಾಕಾ (ವಾಡಿ)

ಸೈಡಿಂಗ್ ಮೇಲೆ ಇನ್ನೊಂದು ಲೈನ್ ದಾಟಿಸುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡು. ಎಚ್‌ಓದಲ್ಲಿ ಒಂದರ ಮೇಲೊಂದು ಹಳಿ ಹೋಗಲು 3 ಇಂಚು ಎತ್ತರ ಬೇಕು. 2 ಪರ್ಸೆಂಟ್ ಏರಿನಲ್ಲಿ ಅದಕ್ಕೆ ಹನ್ನೆರಡೂವರೆ ಅಡಿ ಉದ್ದ ಬೇಕು, ಮೇಲೆ ವಿದ್ಯುತ್ ತಂತಿ ತೋರಿಸಿದರೆ ಇನ್ನೂ ಜಾಸ್ತಿ. ನಿನ್ನ ಹತ್ತಿರ ಎರಡೂ ಕಡೆ ಸೇರಿ 14 ಅಡಿ. ಸಪಾಟು ಯಾರ್ಡ್ ಮಾಡು, ಶಂಟಿಂಗ್ ಮಾಡಿ ಆಡು. ಒಂದು ಎಲ್‌ಎಚ್‌ಬಿ (ಈಗಿನ ಹೊಸ ಮಾದರಿಯ) ಬೋಗಿ ಎಚ್‌ಓದಲ್ಲಿ 27 ಸೆಂಟಿಮೀಟರ್ ಆಗುತ್ತದೆ. ಇಂಜಿನ್ ಜೊತೆ ಆರು ಬೋಗಿ ನಿನ್ನ 8 ಅಡಿಯಲ್ಲಿ ನೆಮ್ಮದಿಯಾಗಿ ನಿಲ್ಲುತ್ತವೆ. ಪೂರ್ತಿ ಉದ್ದದ ಉದ್ಯಾನ್ ಎಕ್ಸ್‌ಪ್ರೆಸ್ ಕನಸು ಕಾಣಬೇಡ.

ಭೀಮಾತೀರದಾಕಿ (ಯಾದಗಿರಿ)

ಕೆಳಗಿನ ಜಾಗದಲ್ಲಿ ತೊಗರಿ ಚೀಲ ಮಾತ್ರ ಇಡಬೇಡಿ. ಕಲಬುರಗಿ ಮನೆ ಅಂದಮೇಲೆ ಇಟ್ಟೇ ಇಡುತ್ತೀರಿ, ಅದಕ್ಕೇ ಹೇಳುತ್ತಿದ್ದೇನೆ. ಕಾಳಿಗೆ ಬಂದ ಇಲಿ ಮೇಲೆ ನೇತಾಡುವ ವೈರ್ ಬಿಡುತ್ತದೆಯೇ? ಬಟ್ಟೆ, ಪಾತ್ರೆ, ಹಾಸಿಗೆ ಏನಾದರೂ ಇರಲಿ. ಮುಂದೆ ಒಂದು ಪರದೆ ಕಟ್ಟಿ, ಮನೆಯವರಿಗೂ ಚಂದ ಕಾಣುತ್ತದೆ.

ಗಾಡಿ_ಬಿಡೋಣ (ಕಲಬುರಗಿ)

ತೊಗರಿ ಮಾತು ಮನೆಯವರಿಗೆ ಓದಿ ಹೇಳಿದೆ. "ಅವರ ಮನೆಯಲ್ಲಿ ಬೆಕ್ಕಿಲ್ಲವೇ" ಅಂದಳು.

ಆಯಿತು, ನನ್ನ ತೀರ್ಮಾನ: ಚೌಕ ಪೈಪ್ ಕಾಲು, ಬುಡಕ್ಕೆ 10 ಎಂಎಂ ಬೋಲ್ಟ್. ಮೇಲೆ 18 ಎಂಎಂ ಪ್ಲೈ ಪಟ್ಟಿಯ ಚೌಕಟ್ಟು, 8 ಅಡಿಯದ್ದು ಎರಡು ತುಂಡಾಗಿ, 6 ಅಡಿಯದ್ದೂ ಎರಡು. 12 ಎಂಎಂ ಹಾಸಿಗೆ, ಕಾರ್ಕ್. ಎತ್ತರ 42 ಇಂಚು. ಬಾಗಿಲು ತೆರೆಯುವ ಕಡೆ 6 ಅಡಿಯ ತೋಳು ಬರದಂತೆ ತಿರುಗಿಸಿದ್ದೇನೆ. ಭಾಯಿ, ಚೌಕಟ್ಟನ್ನು ಕಾಲಿನ ಮೇಲೆ ಹೇಗೆ ಕೂರಿಸಬೇಕು, ವೆಲ್ಡ್ ಮಾಡಿದ ಪ್ಲೇಟ್ ಮೇಲೆ ಸ್ಕ್ರೂ ಸಾಕೇ?

ವೆಲ್ಡಿಂಗ್_ಭಾಯಿ (ಕಲಬುರಗಿ)

ಎರಡೆರಡು ಕಾಲಿಗೆ ಮೇಲೊಂದು ಅಡ್ಡ ಪೈಪ್, ಕೆಳಗೆ ನೆಲದಿಂದ ಅರ್ಧ ಅಡಿಗೆ ಇನ್ನೊಂದು. ಅಂಥ ಜೋಡಿ ಐದು ಬೇಕಾಗುತ್ತವೆ. ಚೌಕಟ್ಟು ಅಡ್ಡ ಪೈಪ್ ಮೇಲೆ ಕೂರಲಿ, ಪೈಪ್‌ನಲ್ಲಿ ತೂತು ಮಾಡಿ ಕೆಳಗಿನಿಂದ 6 ಎಂಎಂ ಬೋಲ್ಟ್. ಸ್ಕ್ರೂ ಹಾಕಿ ಹತ್ತು ಸಲ ಬಿಚ್ಚಿ ಹಾಕಿದರೆ ಪ್ಲೈನಲ್ಲಿ ಹಿಡಿತ ಹೋಗುತ್ತದೆ. ಒಂದು ಜೋಡಿಯಿಂದ ಮುಂದಿನ ಜೋಡಿಗೆ ಹಿಂದುಗಡೆ ಕರ್ಣದಲ್ಲಿ ಪಟ್ಟಿ ಮರೆಯಬೇಡಿ, ಉದ್ದಕ್ಕೆ ಅಲ್ಲಾಡುವುದು ಅದಿಲ್ಲದ್ದಕ್ಕೇ. ರೆಡ್ ಆಕ್ಸೈಡ್ ಪೂರ್ತಿ ಒಣಗಲಿ, ಆಮೇಲೆ ಪ್ಲೈ ಇಡಿ.

ರಂದಾ_ಉಳಿ (ಹುಮನಾಬಾದ್)

ನಟ್ ಜಾಗಕ್ಕೆ ಪ್ಲೈನಲ್ಲಿ ಟಿ-ನಟ್ (ಹಲಗೆಗೆ ಬಡಿದು ಕೂರಿಸುವ ನಟ್) ಹೊಡೆದುಬಿಡಿ, ಬಿಚ್ಚುವಾಗ ಮೇಲೆ ಪಾನಾ ಹಿಡಿಯುವ ಗೋಜಿಲ್ಲ. ಹಾಸಿಗೆ ಹಾಕುವ ಮುಂಚೆ ಹೊಡೆಯಬೇಕು.

ಕಡಕ್_ರೊಟ್ಟಿ (ಸೇಡಂ)

ಎಲ್ಲ ಸರಿ, ಆ ಸಾಗವಾನಿ ಕಾಲಿನ ಬಡಿಗೇರರಿಗೆ ಬೇಡ ಅಂತ ಹೇಳುವವರು ಯಾರು?

ಗಾಡಿ_ಬಿಡೋಣ (ಕಲಬುರಗಿ)

ಪ್ಲೈ ಚೌಕಟ್ಟು ಅವರಿಗೇ ಒಪ್ಪಿಸಿದ್ದೇನೆ. 12 ಎಂಎಂ ಅಂದಿದ್ದಕ್ಕೆ ಮುಖ ಸಣ್ಣಗೆ ಮಾಡಿಕೊಂಡು ಹೋಗಿದ್ದಾರೆ, ಸೋಮವಾರ ಬರುತ್ತಾರಂತೆ.